ಚರ್ಮದ ರಟ್ಟಿನ ಮೇಲೆ ಕುಂಕುಮ

ಸರಸ್ವತಿ ಪೂಜೆಯ ದಿನ ಸೇಲಂನ ನಮ್ಮ ಮಗ್ಗದ ಕೋಣೆಯಲ್ಲಿ ಅಜ್ಜಿ, ಸೋದರಮಾವ ಮತ್ತು ನಾನು ಇದ್ದೆವು. ಲಾಳಿಗಳ ಪಕ್ಕದಲ್ಲಿ ಅಜ್ಜಿ ಮಾವನ ಹೊಸ ಕನ್ನಡ ಪುಸ್ತಕವನ್ನೂ ಹೊದಿಕೆ ಬಿಚ್ಚಿ ಪೂಜೆಗಿಟ್ಟು, ಚಿನ್ನದ ಅಕ್ಷರಗಳಿದ್ದ ಕೆಂಪು ಚರ್ಮದ ರಟ್ಟಿಗೆ ಗಂಧ ಬಳಿದು ಕುಂಕುಮ ಹಚ್ಚಿಬಿಟ್ಟಿದ್ದರು. ಹಳೆಗಾಲದ ರಾಜರ, ವೀರರ ಐತಿಹ್ಯಗಳ ಅಂದದ ಪುಸ್ತಕಗಳನ್ನು ಊರೂರು ಅಲೆದು ಕೂಡಿಸುವ ಮಾವ, ಅವನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಆಚೆ ತೆಗೆದು ಓದಿದವರೇ ಅಲ್ಲ.

"ಅಯ್ಯೋ ಅವ್ವಾ, ಈ ಕಲೆ ಓಗಲ್ಲ! ಇಂಥದ್ದು ಇನ್ನೊಂದು ಎಲ್ಲೂ ಸಿಕ್ಕಲ್ಲ!" ಎಂದು ಮಾವ ತಲೆ ಹಿಡಿದು ಕೂತರು.

"ಗಂಧ ಇಕ್ಕಿದ್ರೆ ಲಾಳಿ ಅಳ್ತೈತಾ ಲೇ? ನಾಳೆ ಅದು ಮಗ್ಗದಾಗೆ ಓಡ್ತೈತೆ. ಪೂಜೆಗೆ ಇಕ್ಕಿದ್ದನ್ನ ಸುಮ್ಮಾ ಮಡಗಬಾರ್ದು, ನೀನೂ ಓದು," ಎಂದರು ಅಜ್ಜಿ.

ಬಾಯ್ತುಂಬ ಕನ್ನಡ ಮಾತಾಡುವ ಅಜ್ಜಿಗೆ ಕನ್ನಡದ ಅಕ್ಷರ ಬಾರದು. ಮರುದಿನ ಮಾವ ಮುಖ ಊದಿಸಿಕೊಂಡೇ ಅವರಿಗೆ ಓದಿ ಹೇಳತೊಡಗಿದರು. ರಾಜಕುವರ ಶತ್ರುವಿನ ಕೋಟೆ ಹತ್ತುವಷ್ಟರಲ್ಲಿ ಮಗ್ಗದ ಸದ್ದು ನಿಂತಿತ್ತು. "ಆಮ್ಯಾಕೆ?" ಎಂದು ಅಜ್ಜಿ ಲಾಳಿ ಹಿಡಿದೇ ಕೂತಿದ್ದರು. ಆಮೇಲೇನಾಯಿತೆಂದು ಮಾವನಿಗೂ ಗೊತ್ತಿರಲಿಲ್ಲ. ಇಬ್ಬರೂ ಊಟ ಮರೆತರು.

ರಟ್ಟಿನ ಕಲೆ ಹೋಗಲೇ ಇಲ್ಲ. ಮೊನ್ನೆ ಮಾವ ಮತ್ತೊಂದು ಪುಸ್ತಕ ತಂದರು. ಹೊದಿಕೆ ಬಿಚ್ಚಿ, ಕುಂಕುಮದ ಬಟ್ಟಲನ್ನು ತಾವೇ ಅಜ್ಜಿಯ ಮುಂದಿಟ್ಟರು.