ಕೂರಿಗೆಯ ಸರದಿ ಮತ್ತು ಮರೆಗುಳಿ ಕಂಟೇನರ್

ಪರವೂರಿಗೆ ಹೊರಟಾಗಲೆಲ್ಲ ಗುರೆಳ್ಳು ಹಿಂಡಿಯ, ಎಂದರೆ ಚಟ್ನಿಪುಡಿಯ, ಡಬ್ಬಿಯೊಂದನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ನನ್ನ ಬಹುಕಾಲದ ದೌರ್ಬಲ್ಯ. ಆತಿಥೇಯರ ಅಡಿಗೆಯ ಮೇಲೆ ನನಗೆ ಅವಿಶ್ವಾಸವಿದೆಯೆಂದು ಬಂಧುವರ್ಗ ಭಾವಿಸಿದೆ; ವಸ್ತುಸ್ಥಿತಿ ಎಂದರೆ, ಒಂದೇ ರುಚಿಗೆ ಒಗ್ಗಿಹೋದ ನಾಲಗೆಗೆ ಊರೂರಲ್ಲಿ ಸಮಾಧಾನ ಹೇಳುತ್ತ ಕೂಡುವುದಕ್ಕಿಂತ ಡಬ್ಬಿ ಹೊರುವುದೇ ಸುಲಭ. ನಾನು ಬರೆಯುವ ಪ್ರೋಗ್ರಾಮುಗಳದೂ ಇದೇ ಸ್ವಭಾವ.

ಬೈಲಹೊಂಗಲದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕುಳಿತು, ತೆರೆಯ ಮೇಲೆ ಯಾರಿಗೂ ಕಾಣದ, ಹಿಂದೆ ನಿಂತು ಎಲ್ಲವನ್ನೂ ನಡೆಸುವ ಪ್ರೋಗ್ರಾಮು ಬರೆಯುವುದು ನನ್ನ ಉದ್ಯೋಗ. ಕಾಣದ ಕೆಲಸವಾದ್ದರಿಂದ ಓಣಿಯ ಜನ ಅದನ್ನು ನಂಬುವುದಿಲ್ಲ. ಕೆಟ್ಟ ಪ್ರಿಂಟರುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಇಂಥ ಪ್ರೋಗ್ರಾಮಿನ ಮುಖ್ಯ ತೊಂದರೆ, ಅದು ಹುಟ್ಟಿದ ಮನೆಯಲ್ಲಿ ಮುದ್ದಾಗಿ ಓಡಿ, ಇನ್ನೊಂದು ಕಂಪ್ಯೂಟರಿಗೆ ಹೋದ ಕೂಡಲೇ ಹಟ ಹಿಡಿಯುವುದು. ಅದಕ್ಕೇ ಕಂಟೇನರ್ ಎಂಬ ಏರ್ಪಾಡು. ಪ್ರೋಗ್ರಾಮಿಗೆ ಬೇಕಾದ ಸಕಲ ಸಾಮಗ್ರಿಯನ್ನೂ ಅದರ ಜೊತೆಗೇ ಒಂದು ಡಬ್ಬಿಯಲ್ಲಿ ಕಟ್ಟಿ ಕಳಿಸುತ್ತೇವೆ. ಮಡಿವಂತ ಅತಿಥಿಯೊಬ್ಬ ತನ್ನ ಪಾತ್ರೆ, ತನ್ನ ನೀರು, ತನ್ನ ಒಲೆಯನ್ನೂ ಹೊತ್ತು ಬಂದ ಹಾಗೆ ಅದು ಯಾವ ಮನೆಯಲ್ಲಾದರೂ ಇಳಿದುಕೊಳ್ಳುತ್ತದೆ. ಕೆಟ್ಟರೆ ರಿಪೇರಿಯ ಗೊಡವೆ ಇಲ್ಲ. ಹಳೆಯ ಡಬ್ಬಿಯನ್ನು ಬಿಸಾಕಿ ಅದೇ ಅಚ್ಚಿನಿಂದ ಹೊಸದನ್ನು ತೆಗೆದರಾಯಿತು. ಈ ಬಿಸಾಕುವ ಸುಖ ನನಗೆ ಸ್ವಲ್ಪ ಹೆಚ್ಚೇ ಹತ್ತಿತ್ತು ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ನೇಸರಗಿಯ ಆಚೆಗಿನ ಒಂದು ಹಳ್ಳಿಯಲ್ಲಿ ರೈತರದೇ ಸಣ್ಣ ಸಂಘವಿದೆ. ಅವರ ಬಳಿ ಟ್ರ್ಯಾಕ್ಟರಿಗೆ ಹೂಡಿ ಬಿತ್ತುವ ಕೂರಿಗೆ ಒಂದೇ ಒಂದು. ಹಿಂಗಾರಿನಲ್ಲಿ ಎರೆಹೊಲಕ್ಕೆ ಕಡಲೆ ಬಿತ್ತುವ ಹದ ಬಂದಾಗ ಎಲ್ಲರಿಗೂ ಅದೇ ಬೇಕು, ಎಲ್ಲರಿಗೂ ಇವತ್ತೇ ಬೇಕು. ಹೆಸರು ಬರೆಸಿದವರ ಸರದಿಯನ್ನು ಸಂಘದ ಕಾರ್ಯದರ್ಶಿ ಈರಪ್ಪ ಮಾಸ್ತರರು, ನಿವೃತ್ತ ಶಿಕ್ಷಕರು, ವಹಿಯಲ್ಲಿ ದುಂಡಗೆ ಬರೆದಿಡುತ್ತಿದ್ದರು. ಆ ವಹಿಯನ್ನು ಬಿಡಿಸಿ ಕಂಪ್ಯೂಟರಿಗೆ ಹಚ್ಚಿದವಳು ನಾನು. ಇನ್ನು ಕಾಗದದ ಹಂಗೇ ಇಲ್ಲ ಎಂದು ಸಣ್ಣದೊಂದು ಭಾಷಣವನ್ನೂ ಮಾಡಿದ್ದೆ. ಮುಂಜಾನೆ ಯಂತ್ರ ಶುರುಮಾಡಲು ಮಾಸ್ತರರು ಒಂದು ಗುಂಡಿ ಒತ್ತಿದರೆ ಸಾಕು, ಹಳೆಯ ಡಬ್ಬಿ ಹೋಗಿ ಸ್ವಚ್ಛವಾದ ಹೊಸ ಡಬ್ಬಿ ಬರುವಂತೆ ವ್ಯವಸ್ಥೆ ಮಾಡಿದ್ದೆ. ಆದರೆ ಕಂಪ್ಯೂಟರನ್ನು ಯಾರೂ ಆರಿಸುತ್ತಿರಲಿಲ್ಲವಾದ್ದರಿಂದ ಆ ಗುಂಡಿ ಒತ್ತುವ ಪ್ರಸಂಗವೇ ಬಂದಿರಲಿಲ್ಲ.

ಬಂತು, ಕಂಪ್ಯೂಟರು ಬಂದ ಮೇಲಿನ ಮೊದಲ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಟ್ರ್ಯಾಕ್ಟರು, ಅಂಗಡಿಯ ತಕ್ಕಡಿ, ಗಿರಣಿ, ಹೀಗೆ ಅನ್ನ ಕೊಡುವ ಯಂತ್ರಗಳೆಲ್ಲ ಪೂಜೆ ಮಾಡಿಸಿಕೊಳ್ಳುತ್ತವೆ. ಮಾಸ್ತರರು ಅಂದು ಮುಂಜಾನೆ ಕಂಪ್ಯೂಟರನ್ನು ಆರಿಸಿ, ಒದ್ದೆ ಅರಿವೆಯಿಂದ ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು, ಭಕ್ತಿಯಿಂದ ನನ್ನ ಗುಂಡಿಯನ್ನು ಒತ್ತಿದರು. ತೆರೆ ಬೆಳಗಿತು. ಸರದಿಯ ಪಟ್ಟಿಯಲ್ಲಿ ಒಂದು ಹೆಸರೂ ಇರಲಿಲ್ಲ.

ಫೋನಿನಲ್ಲಿ ನಾನು ಮೊದಲು ಕೇಳಿದ್ದು, ಒಳಗೆ ನೀರೇನಾದರೂ ಇಳಿಯಿತೇ ಎಂದು. ಆ ಪ್ರಶ್ನೆ ಎಷ್ಟು ಕೆಲಸ ಮಾಡಿತೆಂದರೆ, ನಾನು ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಾಸ್ತರರು ನೆರೆದವರಿಗೆಲ್ಲ ತಮ್ಮ ಒದ್ದೆ ಅರಿವೆಯಿಂದಲೇ ಅನಾಹುತವಾಯಿತೆಂದು ಹೇಳಿ, ತಲೆ ತಗ್ಗಿಸಿ ಕುಳಿತಿದ್ದರು. ಯಂತ್ರದ ಮುಂದೆ ಕೂತ ಐದೇ ನಿಮಿಷದಲ್ಲಿ ನನಗೆ ಸತ್ಯ ಗೊತ್ತಾಯಿತು. ಹೆಸರುಗಳನ್ನು ಡಬ್ಬಿಯ ಹೊರಗೆ, ಕಂಪ್ಯೂಟರಿನ ಡಿಸ್ಕಿನಲ್ಲಿ ಬೇರೆಯಾಗಿ ಇಡಬೇಕಿತ್ತು. ನಾನು ಡಬ್ಬಿಯೊಳಗೇ ಬಿಟ್ಟಿದ್ದೆ. ಹಳೆಯ ಡಬ್ಬಿಯೊಂದಿಗೆ ಅವೂ ಹೋದವು. ಗೊತ್ತಾದ ಮೇಲೂ ನಾನು ಒಂದು ಕಪ್ ಚಹಾ ಮುಗಿಯುವ ತನಕ ಸುಮ್ಮನಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಹೇಳಿದೆ: "ಮಾಸ್ತರ, ತಪ್ಪು ನಿಮ್ಮ ಪೂಜಿದಲ್ರಿ. ಹೆಸರು ಅಳಿಸಿದ್ದು ನಾ ಬರದ ಪ್ರೋಗ್ರಾಮ್."

ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಮಳೆಯಾಗಿ ವಾರದ ಮೇಲಾಗಿತ್ತು, ಮಣ್ಣಿನ ಹಸಿ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿತ್ತು, ಕೂರಿಗೆ ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಮಾಸ್ತರರು ಶಾಲೆಯ ದಿನಗಳ ಗತ್ತಿನಲ್ಲಿ ಎದ್ದು, ಒಬ್ಬೊಬ್ಬರನ್ನೂ ಕರೆದು, ಹೆಸರು ಬರೆಸುವಾಗ ನಿಮಗಿಂತ ಮುಂದೆ ಯಾರಿದ್ದರು ಎಂದು ಕೇಳತೊಡಗಿದರು. ಹೀಗೆ ಕೊಂಡಿಗೆ ಕೊಂಡಿ ಕೂಡಿ ಪಟ್ಟಿ ಮೇಲೇರುತ್ತ ಬಸಪ್ಪ ಎಂಬ ಹಿರಿಯರ ಹತ್ತಿರ ಬಂದು ನಿಂತಿತು. ಅವರೇ ಮೊದಲಿಗರೆಂದು ಎಲ್ಲರೂ ಅಂದುಕೊಂಡರು.

ಆದರೆ ಹುಸೇನಬಿ ಎಂಬ ಹೆಣ್ಣುಮಗಳು, ಗುಂಪಿನ ಹಿಂದೆ ನಿಂತವಳು, ಮೊದಲು ಹೆಸರು ಕೊಟ್ಟವಳು ತಾನು ಎಂದು ಮೆಲ್ಲಗೆ ಹೇಳಿದಳು. ಹೊಲಕ್ಕೆ ಹೋಗುವ ಹಾದಿಯಲ್ಲಿ ನಸುಕಿನಲ್ಲೇ ಬಂದು ಬರೆಸಿ ಹೋಗಿದ್ದಳಂತೆ. ಆಕೆ ಬಂದದ್ದು ಮಾಸ್ತರರಿಗೆ ನೆನಪಿತ್ತು, ಮೊದಲೋ ನಡುವೆಯೋ ನೆನಪಿರಲಿಲ್ಲ. ಆಕೆಯದು ದಿನ್ನೆಯ ಮೇಲಿನ, ಬೇಗ ಒಣಗುವ ಹೊಲ. ಪಟ್ಟಿಯ ಕೊನೆಗೆ ಹೋದರೆ ಈ ವರ್ಷ ಕಡಲೆ ಇಲ್ಲ. ಸಾಕ್ಷಿ ಯಾರೂ ಇರಲಿಲ್ಲ. ಇದ್ದ ಒಂದೇ ಸಾಕ್ಷಿಯನ್ನು ನಾನು ಅಳಿಸಿದ್ದೆ.

ಬಸಪ್ಪ ತುಸು ಹೊತ್ತು ಕೂರಿಗೆಯನ್ನೇ ನೋಡಿದರು. "ನಾ ಸೈಕಲ್ ನಿಲ್ಲಸೂಮುಂದ ಆಕಿ ಸಂಘದ ಕಟ್ಟಿ ಇಳದು ಹೊಂಟಿದ್ಲರಿ, ಮಾಸ್ತರ," ಎಂದರು. "ನನ್ನಕಿಂತ ಮೊದಲ ಆಕೀದ ಸರದಿ. ಕೂರಿಗಿ ಆಕಿ ಹೊಲಕ್ಕ ಕಳಸ್ರಿ."

ಕೂರಿಗೆ ಹೊರಟಾಗ ಮಧ್ಯಾಹ್ನವಾಗಿತ್ತು. ಮುಂಜಾನೆಯೇ ಹೊರಟಿದ್ದರೆ ಹುಸೇನಬಿಯ ಹೊಲ ಮುಗಿಸಿ, ಅಂದು ಸಂಜೆಯೊಳಗೆ ಬಸಪ್ಪನವರದನ್ನೂ ಮುಗಿಸುತ್ತಿತ್ತು. ಅರ್ಧ ದಿನವನ್ನು ನನ್ನ ಕಂಟೇನರ್ ನುಂಗಿತ್ತು. ಬಸಪ್ಪನವರ ಬಿತ್ತನೆ ಮರುದಿನಕ್ಕೆ ಹೋಯಿತು; ಆ ದಿನ ಬಿಸಿಲಿನ ಜೊತೆ ಒಣಗಾಳಿಯೂ ಬೀಸಿತು.

ಕೂರಿಗೆ ಹೊರಟ ದಿನವೇ ಕೂತು ಹೆಸರುಗಳನ್ನು ಡಬ್ಬಿಯಿಂದ ಹೊರಗೆ ತಂದಿಟ್ಟೆ, ಬೇರೆ ಕಂಪ್ಯೂಟರಿನಲ್ಲೂ ಅವುಗಳ ಪ್ರತಿ ಬೀಳುವಂತೆ ಮಾಡಿದೆ. ಕಂಟೇನರಿನ ಗುಣವೇ ಮರೆಯುವುದು. ನೆನಪಿಡಬೇಕಾದ್ದನ್ನು ಅದಕ್ಕೆ ಒಪ್ಪಿಸಿದವರದೇ ದೋಷ. ಮಾಸ್ತರರಿಗೆ, ಪೂಜೆ ಬಿಡಬೇಡಿರೆಂದೂ ವಹಿಯನ್ನೂ ಬರೆಯಿರೆಂದೂ ಹೇಳಿ ಬಂದೆ. ಭಾಷಣ ಮಾಡಲಿಲ್ಲ.

ಮೂರು ವಾರ ಕಳೆದು ಮತ್ತೆ ಹೋದೆ. ಹುಸೇನಬಿಯ ದಿನ್ನೆಯಲ್ಲಿ ಕಡಲೆ ಸಾಲು ಹಿಡಿದು ಎದ್ದಿತ್ತು. ಬಸಪ್ಪನವರ ಹೊಲದಲ್ಲಿ ಮೇಲಿನ ಭಾಗವಷ್ಟೂ ಬರಿ ಮಣ್ಣು. ಬೀಜಕ್ಕೆ ಹಸಿ ಸಿಕ್ಕಿರಲಿಲ್ಲ. ಬದುವಿನ ಮೇಲೆ ನಿಂತು ನಾನು, ಇಷ್ಟು ಬೆಳೆ ಹೋದದ್ದು ನನ್ನಿಂದ, ಅವತ್ತು ನೀವು ಸುಮ್ಮನಿದ್ದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದೆ.

ಬಸಪ್ಪ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ಅಚ್ಚರಿಯಿತ್ತು.

"ನನಗ ಗೊತ್ತಿತ್ತಲ್ಲ, ತಂಗಿ," ಎಂದರು.