ಒಲಿಂಡಾ ಸುಮ್ಮನಿದ್ದ ಕ್ರಿಸ್ಮಸ್

ಹೊಟ್ಟೆಯಲ್ಲಿ ಮಾತು ನಿಲ್ಲದ ಹೆಂಗಸು ಎಂದು ಒಲಿಂಡಾಳಿಗೆ ಶಿರ್ವದ ತವರಿನಲ್ಲೇ ಹೆಸರಿತ್ತು. ಯಾರ ಮನೆಯ ಸಂಬಂಧ ಮುರಿಯಿತು, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಅವಳ ಕಿವಿಗೆ ಬಿದ್ದದ್ದೆಲ್ಲ ಸಂಜೆಯೊಳಗೆ ಇಗರ್ಜಿಯ ಅಂಗಳ ತಲುಪುತ್ತಿತ್ತು. ಆಸ್ವಾಲ್ಡ್‌ನ ಕೈಹಿಡಿದು ಒಮಾನಿನ ಇಬ್ರಾಕ್ಕೆ ಬಂದ ಮೇಲೂ ಆ ಗುಣ ಬಿಡಲಿಲ್ಲ. ಕ್ಲಿನಿಕ್ಕೊಂದರ ರಿಸೆಪ್ಶನ್ನಿನಲ್ಲಿ ಕುಳಿತು ಹದಿನೇಳು ವರ್ಷ ಊರಿನವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೇಳಿದವರಿಗೆ ಸಿಟ್ಟು ಬರುತ್ತಿತ್ತು. ಆದರೆ ಅವಳ ಮಾತನ್ನು ಯಾರೂ ಸುಳ್ಳೆನ್ನುತ್ತಿರಲಿಲ್ಲ.

ಕ್ರಿಸ್ಮಸ್ಸಿಗೆ ಅಲ್ಲಿ ಸರ್ಕಾರಿ ರಜೆಯಿಲ್ಲ, ಪೂಜೆಗೆ ಮಸ್ಕತ್ತಿನವರೆಗೆ ಹೋಗಬೇಕು. ಆದರೂ ಮಕ್ಕಳ ಶಾಲೆಗೆ ಚಳಿಗಾಲದ ರಜೆ ಬಿದ್ದ ಮೊದಲ ಶುಕ್ರವಾರ ಅವಳ ಮನೆಯಲ್ಲಿ ಹಬ್ಬವೇ. ಆಸ್ವಾಲ್ಡ್‌ನ ಗೆಳೆಯ ವಾಲ್ಟರ್, ಅವನ ಹೆಂಡತಿ ರೋಸ್, ಮಗಳು ಲವಿಟಾ ಬೆಳಿಗ್ಗೆಯೇ ಬಂದುಬಿಡುತ್ತಿದ್ದರು. ಹೆಂಗಸರು ಕುಸ್ವಾರ್ ಎಂಬ ಹಬ್ಬದ ತಿಂಡಿಗಳಿಗೆ ಕೂತರೆ, ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಮಾಡುತ್ತಿದ್ದರು. ಹತ್ತು ವರ್ಷ ಒಂದೂ ತಪ್ಪಿರಲಿಲ್ಲ. ವಾಲ್ಟರ್ ಮತ್ತು ಆಸ್ವಾಲ್ಡ್ ಒಂದೇ ಕಂಪನಿಯವರು. ಎಣ್ಣೆ ಬಾವಿಗಳಿಗೆ ಲಾರಿ, ಕ್ರೇನು ಬಾಡಿಗೆಗೆ ಕೊಡುವ ಕಂಪನಿ ಅದು. ವಾಲ್ಟರ್ ವರ್ಕ್‌ಶಾಪಿನ ಫೋರ್‌ಮನ್, ಆಸ್ವಾಲ್ಡ್ ಆಫೀಸಿನಲ್ಲಿ ನೌಕರರ ಕಾಗದಪತ್ರ ನೋಡುವವನು.

ಎಣ್ಣೆಯ ಬೆಲೆ ಕುಸಿದು ಎರಡು ವರ್ಷ ಕಳೆದಿತ್ತು. 2016ರ ಡಿಸೆಂಬರಿನಲ್ಲಿ, ಆ ಶುಕ್ರವಾರದ ಹಿಂದಿನ ಮಧ್ಯಾಹ್ನ, ಊಟಕ್ಕೆ ಬಂದ ಆಸ್ವಾಲ್ಡ್ ತಟ್ಟೆಯ ಮುಂದೆ ಕೂತವನು ಅನ್ನ ಮುಟ್ಟಲಿಲ್ಲ.

“ವಾಲ್ಟರನ ಹೆಸರು ಉಂಟು,” ಎಂದ.

“ಯಾವುದರಲ್ಲಿ?”

“ಕೆಲಸದಿಂದ ತೆಗೆಯುವವರ ಲಿಸ್ಟಿನಲ್ಲಿ. ಹನ್ನೊಂದು ಜನ. ಹಬ್ಬ ಕಳೆದ ಮೇಲೆ, ಇಪ್ಪತ್ತೊಂಬತ್ತಕ್ಕೆ ಲೆಟರ್ ಕೊಡ್ತಾರೆ. ಟೈಪ್ ಮಾಡಿದ್ದು ನಾನೇ.”

ಒಲಿಂಡಾ ಆಗಲೇ ಫೋನಿಗೆ ಕೈಹಾಕಿದ್ದಳು. ಆಸ್ವಾಲ್ಡ್ ಆ ಕೈ ಹಿಡಿದುಕೊಂಡ. “ಸುದ್ದಿ ಹೊರಗೆ ಹೋದರೆ ನಂದೂ ಖಲಾಸ್ ಅಂತ ಮ್ಯಾನೇಜರ್ ಹೇಳಿದ್ದಾನೆ. ನಮ್ಮ ಕ್ಲೇಟನ್‌ಗೆ ಇನ್ನೂ ಹದಿಮೂರು. ಒಂದು ವಾರ ಬಾಯಿಗೆ ಬೀಗ ಹಾಕು ಒಲಿಂಡಾ, ನಿನ್ನ ಕಾಲಿಗೆ ಬೀಳ್ತೇನೆ.”

ಮದುವೆಯಾದಾಗಿನಿಂದ ಅವನು ಹೀಗೆ ಬೇಡಿದ್ದಿಲ್ಲ. ಅವಳು ಫೋನು ಕೆಳಗಿಟ್ಟಳು.

ಮರುದಿನ ಹಾಲ್‌ನ ತುಂಬ ಖರ್ಜೂರದ ಖಾಲಿ ಪೆಟ್ಟಿಗೆಗಳು. ಅವನ್ನು ಹರಿದು, ಅಂಟಿನಲ್ಲಿ ಅದ್ದಿ, ವಾಲ್ಟರ್ ಬೆತ್ಲೆಹೇಮಿನ ಗುಡ್ಡ ಎಬ್ಬಿಸುತ್ತಿದ್ದ. ಲವಿಟಾ ಮೊಳಕೆಯೊಡೆದ ಮೆಂತೆಯನ್ನು ಹುಲ್ಲೆಂದು ನೆಡುತ್ತಿದ್ದಳು. ಕ್ಲೇಟನ್ ಸೂಕ್ ಪೇಟೆಯಿಂದ ತಂದ ಒಂಟೆಯ ಗೊಂಬೆ ಕೊಟ್ಟಿಗೆಗಿಂತ ಎತ್ತರವಾಗಿತ್ತು. “ಅಂಕಲ್, ಇಟ್ಸ್ ಟೂ ಬಿಗ್!” ಎಂದು ಅವನು ಕೂಗಿದರೆ ವಾಲ್ಟರ್, “ಇರಲಿ ಮಗಾ, ಒಮಾನಿನ ಒಂಟೆ ಅಲ್ವಾ, ತಿಂದು ಬೆಳೆದದ್ದು,” ಎಂದು ನಗಿಸಿದ. ಆಸ್ವಾಲ್ಡ್ ಬಾಲ್ಕನಿಯಲ್ಲಿ ನಕ್ಷತ್ರದ ಗೂಡುದೀಪ ಕಟ್ಟುತ್ತ ಅಲ್ಲೇ ಉಳಿದಿದ್ದ.

ಅಡುಗೆಮನೆಯಲ್ಲಿ ರೋಸ್ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ಉಂಡೆ ಒತ್ತಿ, ಸುರುಳಿ ಮಾಡಿ ಕಿಡಿಯೊ ಬಿಡಿಸುತ್ತಿದ್ದಳು. ಒಲಿಂಡಾ ಕರ್ಜಿಕಾಯಿಯಂಥ ನೆವ್ರಿಗೆ ತೆಂಗು, ಎಳ್ಳು, ಸಕ್ಕರೆಯ ಹೂರಣ ತುಂಬುತ್ತಿದ್ದಳು.

“ಎಂತ ಒಲಿಂಡಕ್ಕ, ಇವತ್ತು ಮಾತೇ ಇಲ್ಲ?”

“ತಲೆನೋವು.”

ರೋಸ್ ಸ್ವಲ್ಪ ಹತ್ತಿರ ಸರಿದಳು. “ಒಂದು ಕೇಳ್ಬೇಕಿತ್ತು. ಬುರೈಮಿಯ ಒಂದು ಗ್ಯಾರೇಜಿನವರು ಇವರನ್ನು ಕರೀತಿದ್ದಾರೆ. ಅಲ್ಲಿ ಉಳ್ಳಾಲದ ಒಬ್ಬ ಸೂಪರ್‌ವೈಸರ್ ಇದ್ದಾನೆ, ಬಾವ ಅಂತ ಹೆಸರು, ಅವನೇ ಹೇಳಿದ್ದು. ಇವತ್ತೇ ಉತ್ತರ ಕೊಡ್ಬೇಕಂತೆ. ಸಂಬಳ ಕಮ್ಮಿ. ಮಾರ್ಚಿಗೆ ಲವಿಟಾಳ ಟೆಂತ್ ಪರೀಕ್ಷೆ ಬೇರೆ. ನಮ್ಮ ಕಂಪನಿಯಲ್ಲಿ ಎಂತಾದರೂ ಸುದ್ದಿ ಉಂಟಾ? ಇದ್ದರೆ ನೀನು ಹೇಳದೆ ಇರ್ಲಿಕ್ಕಿಲ್ಲ ಅಂತ ಕೇಳಿದ್ದು.”

ಬಾಣಲೆಯ ಎಣ್ಣೆ ಕಾದಿತ್ತು. ಬಾಲ್ಕನಿಯ ಕಿಟಕಿಯಲ್ಲಿ ಗಂಡನ ಬೆನ್ನು ಕಾಣುತ್ತಿತ್ತು. ನನಗೆ ಗೊತ್ತಿಲ್ಲ ಎಂದಿದ್ದರೂ ಆಗುತ್ತಿತ್ತು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದವಳಿಗೆ ಎಷ್ಟು ಹೇಳಬೇಕೆಂಬುದೂ ತಿಳಿಯಲಿಲ್ಲ.

“ಎಂತ ಸುದ್ದಿಯೂ ಇಲ್ಲ ಮಾರಾಯ್ತಿ. ಇಷ್ಟು ವರ್ಷ ಇದ್ದೀರಿ, ಈಗ ಎಂತ ಅವಸರ? ಹುಡುಗಿಯ ಪರೀಕ್ಷೆ ಮುಗೀಲಿ.”

ರೋಸಳ ಮುಖ ಅರಳಿತು. “ನೀನು ಹೇಳಿದ ಮೇಲೆ ಮುಗೀತು,” ಎಂದವಳೇ ಹಾಲ್‌ನತ್ತ ಕೂಗಿದಳು: “ಕೇಳಿತಾ? ಬಾವನಿಗೆ ಬೇಡ ಅಂತ ಹೇಳಿಬಿಡಿ!”

ವಾಲ್ಟರನ ಎರಡೂ ಕೈ ಅಂಟು. ಲವಿಟಾ ಫೋನನ್ನು ಅಪ್ಪನ ಕಿವಿಗೆ ಹಿಡಿದಳು. “ಇಲ್ಲ ಬಾವ, ಇಲ್ಲೇ ಚೆನ್ನಾಗುಂಟು. ಉಪಕಾರ ಮಾಡಿದಿ,” ಎಂದು ಅವನು ಹೇಳಿದ್ದು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು. ಒಲಿಂಡಾ ಎಣ್ಣೆಗೆ ಬಿಟ್ಟ ನೆವ್ರಿಗಳೆಲ್ಲ ಬಾಯಿ ಬಿಟ್ಟುಕೊಂಡವು, ಹೂರಣ ಸೀದು ಕಪ್ಪಾಯಿತು. ಮೈದಾ ಸರಿಯಿಲ್ಲ ಎಂದಳು.

ಇಪ್ಪತ್ತೊಂಬತ್ತಕ್ಕೆ ಲೆಟರ್ ಬಂತು. ವಾಲ್ಟರ್ ಬುರೈಮಿಗೆ ಫೋನು ಮಾಡಿದರೆ ಆ ಜಾಗಕ್ಕೆ ಬೇರೊಬ್ಬ ಸೇರಿ ಆಗಿತ್ತು. ಮಾರನೆಯ ಬೆಳಿಗ್ಗೆ ರೋಸ್ ಬಂದಳು. ಕುಳಿತುಕೊಳ್ಳಲಿಲ್ಲ.

“ಲಿಸ್ಟ್ ಆಸ್ವಾಲ್ಡ್‌ನ ಕೈಯಿಂದ ಹೋಗಿದ್ದಂತೆ. ಇರಲಿ, ಅದು ಅವರ ಕೆಲಸ. ನಿನಗೆ ಗೊತ್ತಿತ್ತಾ?”

ಇಲ್ಲ ಎನ್ನಬಹುದಿತ್ತು. “ಗೊತ್ತಿತ್ತು,” ಎಂದಳು ಒಲಿಂಡಾ.

“ನಾನು ಕೇಳಿದಾಗಲೂ?”

“ಆಗಲೂ.”

ರೋಸ್ ಬೈದಿದ್ದರೆ, ಅತ್ತಿದ್ದರೆ ಚೆನ್ನಾಗಿತ್ತು. “ಊರಿಗೆಲ್ಲ ಸತ್ಯ ಹೇಳಿದೆ. ನನ್ನೊಬ್ಬಳಿಗೆ ಆಗಲಿಲ್ಲ ನಿನಗೆ,” ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಜನವರಿ ಕೊನೆಗೆ ಕಂಪನಿ ಕೊಟ್ಟ ಮನೆ ಬಿಡಬೇಕಾಯಿತು. ವಾಲ್ಟರ್ ಊರಿಗೆ ಹೋದ. ವೀಸಾದ ಹೊಣೆ ಹೊತ್ತ ಒಮಾನಿ ಒಡೆಯ, ಕಫೀಲ್, ದೊಡ್ಡ ಮನಸ್ಸು ಮಾಡಿ ತಾಯಿ ಮಗಳ ವೀಸಾ ಪರೀಕ್ಷೆಯವರೆಗೆ ಉಳಿಸಿದ. ಒಲಿಂಡಾಳ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇತ್ತು. ಅದನ್ನು ಗುಡಿಸಿ, ಮಂಚಕ್ಕೆ ಹೊಸ ಚಾದರ ಹಾಸಿ, ಅವರಿಬ್ಬರನ್ನು ಕರೆತರಲು ಕ್ಲೇಟನ್‌ನನ್ನು ಕಳಿಸಿದಳು. ಅವನು ಹತ್ತೇ ನಿಮಿಷದಲ್ಲಿ ಹಿಂದೆ ಬಂದ. “ಆಂಟಿ ಸೆಡ್ ನೋ ನೀಡ್, ಮಮ್ಮಾ.” ರೋಸ್ ಮತ್ತು ಲವಿಟಾ ಎರಡು ತಿಂಗಳು ತಮಿಳು ಟೀಚರೊಬ್ಬರ ಮನೆಯ ಹಾಲ್‌ನಲ್ಲಿ ಮಲಗಿ, ಪರೀಕ್ಷೆ ಮುಗಿದ ವಾರವೇ ವಿಮಾನ ಹತ್ತಿದರು.

ಆಸ್ವಾಲ್ಡ್‌ನ ಕೆಲಸ ಉಳಿಯಿತು. ಆದರೆ ಆಫೀಸಿನ ಸುದ್ದಿಯನ್ನು ಅವನು ಮತ್ತೆ ಮನೆಗೆ ತರಲಿಲ್ಲ, ಅವಳೂ ಕೇಳಲಿಲ್ಲ. ಕ್ಲಿನಿಕ್ಕಿನಲ್ಲಿ ಯಾರಾದರೂ ಏನಾದರೂ ವಿಚಾರಿಸಿದರೆ “ನನಗೆ ಗೊತ್ತಿಲ್ಲ” ಎನ್ನುವುದನ್ನು ಕಲಿತಳು.

ಎರಡು ವರ್ಷದ ಮೇಲೆ ಶಿರ್ವದ ಒಂದು ಮದುವೆಯಲ್ಲಿ ರೋಸ್ ಎದುರಾದಳು. ವಾಲ್ಟರ್ ಕಿನ್ನಿಗೋಳಿಯಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುತ್ತಿದ್ದನಂತೆ. ರೋಸ್ ನಗುಮುಖದಿಂದಲೇ ನಿಂತಳು.

“ಹೇಗಿದ್ದೀರಿ? ಆಸ್ವಾಲ್ಡ್ ಅದೇ ಕಂಪನಿಯಲ್ಲಿದ್ದಾರಾ?”

“ಹೌದು ರೋಸ್.”

“ಒಳ್ಳೆಯದಾಯಿತು,” ಎಂದು ರೋಸ್ ಪಕ್ಕದವರ ಕೈ ಹಿಡಿದು ಊಟದ ಸಾಲಿಗೆ ಹೋದಳು.