ರಕ್ತಪಿಶಾಚಿಗೆ ಬೈದ ದೊಡ್ಡಕ್ಕ

ನನ್ನ ದೊಡ್ಡಕ್ಕ ಒಂದೇ ಒಂದು ಸಿನೆಮಾದಲ್ಲಿ ಕಾಣಿಸಿಕೊಂಡವಳು. ಅರವತ್ತರ ದಶಕದಲ್ಲಿ ಮದರಾಸಿನಲ್ಲಿ ತಯಾರಾದ ಆ ಚಿತ್ರದಲ್ಲಿ ರಕ್ತ ಕುಡಿಯುವ ಪಿಶಾಚಿಯೊಂದು ಮನೆಮನೆ ಅಲೆದು, ಹೋದಲ್ಲೆಲ್ಲ ಪೇಚಿಗೆ ಸಿಕ್ಕಿಬೀಳುತ್ತಿತ್ತು. ನಗಿಸುವುದಕ್ಕೆಂದೇ ಮಾಡಿದ್ದು. ನಿರ್ಮಾಪಕನ ಕೈ ಎಷ್ಟು ಬಿಗಿಯೆಂದರೆ, ಪಿಶಾಚಿಯ ನಿಲುವಂಗಿಯನ್ನು ಹಳೆಯ ಕಿಟಕಿ ಪರದೆಯಿಂದ ಹೊಲಿಸಿದ್ದನಂತೆ.

ಭಾವ ಅಲ್ಲಿ ಸ್ಟುಡಿಯೋ ಪಕ್ಕದಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಶೂಟಿಂಗಿನವರಿಗೆ ಊಟ ಅಲ್ಲಿಂದಲೇ ಹೋಗುತ್ತಿತ್ತು. ಒಂದು ದಿನ ಮನೆಯಾಕೆಯ ಪಾತ್ರದವಳು ಬರಲಿಲ್ಲ. ಊಟ ಬಡಿಸಲು ಹೋಗಿದ್ದ ಅಕ್ಕನನ್ನೇ ನಿರ್ದೇಶಕರು ನಿಲ್ಲಿಸಿದರು. ಬಾಗಿಲಲ್ಲಿ ಪಿಶಾಚಿ ಕಂಡಾಗ ಕಿರುಚಿ ಬೀಳಬೇಕು, ಅಷ್ಟೇ ಕೆಲಸ. ಆದರೆ ಬಾಯಿಗೆ ಕೆಂಪು ಬಣ್ಣ ಬಳಿದುಕೊಂಡು ನಿಂತ ಆ ನಟನನ್ನು ಕಂಡು ಅಕ್ಕನಿಗೆ ಹೆದರಿಕೆಯೇ ಆಗಲಿಲ್ಲವಂತೆ. ಕಿರುಚಲು ಬರಲೇ ಇಲ್ಲ. ಇಂಥವನು ನಿಮ್ಮ ಮನೆಗೆ ಬಂದರೆ ಏನು ಮಾಡುತ್ತೀರೋ ಅದನ್ನೇ ಮಾಡಿ ಎಂದು ನಿರ್ದೇಶಕರು ಕೊನೆಗೆ ಸೋತು ಹೇಳಿದರು. ಅವಳು ಮಾಡಿದಳು. ಚಿತ್ರದಲ್ಲಿ ಅದೇ ಉಳಿಯಿತು.

ಬೆಂಗಳೂರಿನಲ್ಲಿ ಚಿತ್ರ ಓಡಲಿಲ್ಲ. ಪಿಶಾಚಿ ಬಾವಲಿಯಾಗಿ ಹಾರುವಾಗ ಕಟ್ಟಿದ ದಾರ ಕಾಣುತ್ತದೆ, ಮನೆಯಾಕೆಯ ಮಾತು ಯಾವ ಸೀಮೆಯದೋ ಅರ್ಥವಾಗುವುದಿಲ್ಲ ಎಂದು ಪತ್ರಿಕೆಯೊಂದು ಬರೆಯಿತು. ಅಪ್ಪ ಓದಿ ಪೇಪರು ಮಡಚಿಟ್ಟರು. ಅಮ್ಮನಿಗೆ ಮೊದಲೇ ಸಂಕಟ. ಮಗಳನ್ನು ಸಿನೆಮಾಕ್ಕೆ ಬಿಟ್ಟರು ಎಂದು ಐವರ್ನಾಡಿನ ನೆಂಟರು ಆಡಿಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು.

ಕೆಲವು ತಿಂಗಳ ಮೇಲೆ ಚಿತ್ರ ನಮ್ಮ ಕಡೆಯ ಪುತ್ತೂರಿಗೆ ಬಂತು. ನಾನಾಗ ಶಾಲೆಯಲ್ಲಿ ಟೀಚರು. ಒಂದು ರಜಾದಿನ ಅಮ್ಮನನ್ನು ಒತ್ತಾಯದಿಂದ ಹೊರಡಿಸಿ, ಬೆಳ್ಳಾರೆಯಲ್ಲಿ ಬಸ್ಸು ಹತ್ತಿಸಿ, ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಗುರುತಿನವರು ನೋಡಿಯಾರೆಂದು ಅವಳು ಹೆಂಗಸರ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತಳು. ಮೊದಲರ್ಧದಲ್ಲಿ ಜನ ಹೆಚ್ಚೇನೂ ನಗಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಅಕ್ಕ ಸೌಟು ಹಿಡಿದು ಬಾಗಿಲಿಗೆ ಬಂದಳು. ಪಿಶಾಚಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಎಂತ ಮಾರಾಯ, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಸೀದಾ ಒಳಗೆ ಬರುದಾ? ಹೊರಗೆ ಉಗಿದು ಬಾ. ಚೆಂಬಲ್ಲಿ ನೀರು ಉಂಟು."

ಪಿಶಾಚಿ ತಬ್ಬಿಬ್ಬಾಗಿ ಹೊರಗೆ ಹೋಗಿ ಬಾಯಿ ಮುಕ್ಕಳಿಸಿತು. ಥಿಯೇಟರಿನಲ್ಲಿ ನಗೆ ಎದ್ದದ್ದು ಎದ್ದೇ ಹೋಯಿತು. ಮುಂದಿನ ಮಾತು ಒಂದೂ ಕೇಳಲಿಲ್ಲ. ಪಕ್ಕದ ಹೆಂಗಸು ಕಣ್ಣೊರೆಸಿಕೊಳ್ಳುತ್ತ, ಇವಳು ಖಂಡಿತ ನಮ್ಮ ಕಡೆಯವಳೇ ಎಂದಳು. ಅಮ್ಮ ತಲೆಯ ಮೇಲಿನ ಸೆರಗು ಜಾರಿಸಿ ನೆಟ್ಟಗೆ ಕೂತಳು.

"ಅವಳು ನನ್ನ ಮಗಳು. ದೊಡ್ಡವಳು."

ಮುಂದಿನ ಬೆಂಚಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ್ದಳು.

ಪುತ್ತೂರಿನಲ್ಲಿ ಆ ಚಿತ್ರ ಯಾರೂ ಎಣಿಸದಷ್ಟು ದಿನ ಓಡಿತು. ಸುಳ್ಯದ ಟೆಂಟ್ ಟಾಕೀಸಿಗೆ ಬಂದಾಗ ಅಪ್ಪ ತಾವೇ ಹೋಗಿ ಐವರ್ನಾಡಿನ ನೆಂಟರನ್ನು ಕರೆತಂದರು. ಅಕ್ಕ ಮಾತಾಡುವಾಗ ಅಪ್ಪ ಪರದೆ ನೋಡಲಿಲ್ಲವಂತೆ, ನಗುತ್ತಿದ್ದ ನೆಂಟರ ಮುಖಗಳನ್ನೇ ನೋಡುತ್ತಿದ್ದರಂತೆ.

ಮತ್ತೊಂದು ಚಿತ್ರಕ್ಕೆ ಕರೆ ಬಂದಾಗ ಅಕ್ಕ ಒಪ್ಪಲಿಲ್ಲ, ಹೋಟೆಲು ನೋಡಿಕೊಳ್ಳುವವರು ಯಾರು ಎಂದಳು. ಆದರೆ ಮುಂದಿನ ಸಲ ಊರಿಗೆ ಬಂದಾಗ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಅವಳನ್ನೇ ಅತಿಥಿಯಾಗಿ ಕೂರಿಸಿದೆವು. ಹಾರ ಹಾಕಿದ್ದು ನಾನೇ.